ತಲೆಯ ಮೇಲಿನ ಒಲೆ

ಬ್ರಾಯ್ಲರ್ ಎಂದರೆ ಮುಂಬಯಿಯಲ್ಲಿರುವ ನಮಗೆಲ್ಲ ನೆನಪಾಗುವುದು ಕೋಳಿ. ಅಮೇರಿಕದಲ್ಲಿ ಅದು ಒಂದು ಬಗೆಯ ಒಲೆಯ ಹೆಸರೆಂದು ನಮಗೆ ತಿಳಿದದ್ದು 2023ರ ಬೇಸಿಗೆಯಲ್ಲಿ, ಮಗಳ ಬಾಣಂತನಕ್ಕೆಂದು ನಾವು ದಂಪತಿಗಳು ಸಿಯಾಟಲ್ ನಗರಕ್ಕೆ ಹೋದಾಗ. ನಮ್ಮ ಸಂಘದ ಬಳಗದಲ್ಲಿ ಹೀಗೆ ಮಕ್ಕಳ ಮನೆಗೆ ಹೋಗಿಬರುವ ಹಿರಿಯರು ಈಗ ಬಹಳ ಮಂದಿ. ಅವರಿಗೆ ಉಪಯೋಗವಾದೀತೆಂದು ನಮ್ಮ ಅನುಭವವನ್ನು ಇಲ್ಲಿ ಬರೆಯುತ್ತಿದ್ದೇವೆ.

ಹೊರಡುವಾಗ ನಮಗೆ ಧೈರ್ಯವೇನೋ ಇತ್ತು. ಅಂಜಲ್, ಬಂಗುಡೆ, ಪಾಂಪ್ಲೆಟ್ ಕಾಯಿಸಿ ಪಳಗಿದ ಕೈ ನಮ್ಮದು. ಆದರೆ ಮಗಳ ಮನೆಯಲ್ಲಿದ್ದುದು ಸಾಲ್ಮನ್. ಮುಂಬಯಿಯ ಪೇಟೆಯಲ್ಲಿ ರಾವಸ್ ಮೀನನ್ನು ಇಂಡಿಯನ್ ಸಾಲ್ಮನ್ ಎಂದು ಕರೆಯುವುದುಂಟಷ್ಟೆ. ಎರಡೂ ಒಂದೇ ಎಂದು ನಾವು ನಂಬಿದ್ದೆವು. ಅವುಗಳ ಜಾತಿಯೇ ಬೇರೆ. ಸಾಲ್ಮನ್ ಹೊಳೆಯ ಸಿಹಿನೀರಿನಲ್ಲಿ ಹುಟ್ಟಿ, ಕಡಲಿಗೆ ಹೋಗಿ ಬೆಳೆದು, ಮೊಟ್ಟೆಯಿಡಲು ತಾನು ಹುಟ್ಟಿದ ಹೊಳೆಗೇ ಮರಳುತ್ತದೆ. ಸಿಯಾಟಲ್‌ನ ಬ್ಯಾಲರ್ಡ್ ಎಂಬಲ್ಲಿ ದೋಣಿಗಳನ್ನು ಏರಿಸಿ ಇಳಿಸುವ ಜಲದ್ವಾರವೊಂದಿದೆ. ಅದನ್ನು ತೆರೆದದ್ದು 1917ರಲ್ಲಿ. ಅದರ ಪಕ್ಕದಲ್ಲಿ ಮೀನುಗಳಿಗೆಂದೇ ಮೆಟ್ಟಿಲು ಮೆಟ್ಟಿಲಾಗಿ ಕಾಲುವೆ ಕಟ್ಟಿದ್ದಾರೆ. ಮೀನುಗಳು ಹತ್ತಿ ಹೋಗುವುದನ್ನು ಗಾಜಿನ ಕಿಟಕಿಯಿಂದ ನೋಡಬಹುದು.

ಬಾಣಂತಿಗೆ ಪರದೇಶದ ಮೀನು ಆದೀತೇ ಎಂಬ ಅಂಜಿಕೆ ನಮಗಿತ್ತು. ಮಗಳು ಅಲ್ಲಿಯ ಸರಕಾರದ ಆಹಾರ ಇಲಾಖೆಯ ಪಟ್ಟಿಯನ್ನು ತೋರಿಸಿದಳು. ಪಾದರಸದ ಅಂಶ ಕಡಿಮೆಯಿರುವ ಮೀನುಗಳಲ್ಲಿ ಸಾಲ್ಮನ್ ಒಂದು. ಅಂಥ ಮೀನನ್ನು ಹಾಲೂಡಿಸುವ ತಾಯಂದಿರು ವಾರಕ್ಕೆ 8ರಿಂದ 12 ಔನ್ಸ್, ಎಂದರೆ ಸುಮಾರು 225ರಿಂದ 340 ಗ್ರಾಂ, ತಿನ್ನಬಹುದೆಂದು ಅದರಲ್ಲಿತ್ತು.

ಮೊದಲ ದಿನ ಕಾವಲಿಯ ಮೇಲೆ ಕಾಯಿಸಿದೆವು. ಸಾಲ್ಮನ್ ಕೊಬ್ಬಿನ ಮೀನು. ಎಣ್ಣೆ ಸಿಡಿದು ಹೊಗೆ ತುಂಬಿತು. ಛಾವಣಿಯಲ್ಲಿದ್ದ ಹೊಗೆಯ ಗಂಟೆ ಅರಚಿಕೊಂಡಿತು, ಮಲಗಿದ್ದ ಕೂಸು ಎದ್ದು ಅಳತೊಡಗಿತು.

“ಅಮ್ಮ, ಕಾವಲಿ ಬೇಡ. ಬ್ರಾಯ್ಲರ್‌ನಲ್ಲಿ ಇಡು” ಎಂದಳು ಮಗಳು.

ಓವನ್ನಿನ ಒಳಗಡೆ, ಮೇಲ್ಭಾಗದಲ್ಲಿ ಕೆಂಪಗೆ ಕಾಯುವ ಸರಳೇ ಈ ಬ್ರಾಯ್ಲರ್. ಕೆಲವು ಗ್ಯಾಸಿನ ಒಲೆಗಳಲ್ಲಿ ಸರಳಿನ ಬದಲು ಉರಿ ಇರುತ್ತದೆ. ನಮ್ಮ ಕೆಂಡದ ಒಲೆಯನ್ನು ತಲೆಕೆಳಗು ಮಾಡಿದಂತೆ ಎನ್ನಿ. ಕಾವು ಮೇಲಿನಿಂದ ನೇರವಾಗಿ ಮೀನಿನ ಮೇಲೆ ಬೀಳುತ್ತದೆ. ಇದನ್ನು ತಿಳಿಯದೆ ನಾವು ಬ್ಯಾಡಗಿ ಮೆಣಸಿನ ಮಸಾಲೆಯನ್ನು ದಪ್ಪಗೆ ಬಳಿದು, ತಟ್ಟೆಯನ್ನು ಸರಳಿಗೆ ತಾಗುವಷ್ಟು ಹತ್ತಿರ ಇಟ್ಟೆವು. ಐದೇ ನಿಮಿಷದಲ್ಲಿ ಮಸಾಲೆ ಕರಿ ಹಿಡಿಯಿತು, ಒಳಗೆ ಮೀನು ಹಸಿಯಾಗಿಯೇ ಇತ್ತು. ಅಂದು ಮಗಳು ಸಾರು-ಅನ್ನವನ್ನಷ್ಟೇ ಉಂಡು ಎದ್ದಳು. ಬಾಣಂತಿಗೆ ಬೇಯಿಸಿ ಹಾಕಲೆಂದು ಅಷ್ಟು ದೂರ ಬಂದವರು ನಾವು. ಒಂದು ತುಂಡು ಮೀನೂ ನಮ್ಮಿಂದ ನೆಟ್ಟಗಾಗಲಿಲ್ಲವಲ್ಲಾ ಎಂದು ಆ ರಾತ್ರಿ ನಮಗೆ ನಿದ್ದೆ ಹತ್ತಲಿಲ್ಲ.

ಮರುವಾರ ಮಗಳು ಕೂಸನ್ನು ಹೆಗಲಿಗೆ ಹಾಕಿಕೊಂಡು ಅಡಿಗೆಮನೆಯಲ್ಲಿ ಬಂದು ಕುಳಿತಳು. ಅವಳು ಹೇಳಿದಳು, ನಾವು ಮಾಡಿದೆವು. ಆ ಕ್ರಮ ಹೀಗೆ:

ನಾಲ್ವರಿಗೆ 600 ಗ್ರಾಂ ಸಾಲ್ಮನ್ ಸಾಕು. ಒಂದು ಅಂಗುಲ ದಪ್ಪದ, ಚರ್ಮವಿರುವ ನಾಲ್ಕು ತುಂಡುಗಳಾಗಲಿ. ಮಂಜುಗಟ್ಟಿದ ಮೀನಾದರೆ ಹಿಂದಿನ ರಾತ್ರಿಯೇ ಫ್ರಿಜ್ಜಿನ ಕೆಳಗಿನ ಅರೆಯಲ್ಲಿಟ್ಟು ಕರಗಿಸಬೇಕು. ಬೆರಳಾಡಿಸಿ ಸಣ್ಣ ಮುಳ್ಳುಗಳನ್ನು ಕೀಳಬೇಕು. ನೀರಿನ ಪಸೆಯನ್ನು ಚೆನ್ನಾಗಿ ಒತ್ತಿ ಒರೆಸಬೇಕು; ಒದ್ದೆಯಿದ್ದರೆ ಮೀನು ಬೇಯುತ್ತದೆಯೇ ಹೊರತು ಕೆಂಪಗಾಗುವುದಿಲ್ಲ. ಒಂದು ಚಮಚ ಉಪ್ಪು, ಅರ್ಧ ಚಮಚ ಅರಿಸಿನ, ಅರ್ಧ ಚಮಚ ಕಾಳುಮೆಣಸಿನ ಪುಡಿ, ಒಂದು ದೊಡ್ಡ ಚಮಚ ಎಣ್ಣೆ ಸವರಿದರೆ ಆಯಿತು. ಮೆಣಸಿನ ಮಸಾಲೆ ಬೇಕೆನ್ನುವವರು ಕೊನೆಯ ಎರಡು ನಿಮಿಷಕ್ಕೆ ತೆಳ್ಳಗೆ ಸವರಲಿ.

ಲೋಹದ ತಟ್ಟೆಗೆ ಅಲ್ಯುಮಿನಿಯಂ ಫಾಯಿಲ್ ಹಾಸಿ, ಚರ್ಮ ಕೆಳಗಾಗುವಂತೆ ಮೀನಿಡಿ. ಗಾಜಿನ ಪಾತ್ರೆ ಕೂಡದು, ಒಡೆದೀತು. ಬೇಕಿಂಗ್ ಕಾಗದವೂ ಕೂಡದು, ಹೊತ್ತಿಕೊಂಡೀತು. ಬ್ರಾಯ್ಲರ್ ಐದು ನಿಮಿಷ ಕಾದ ಬಳಿಕ, ಸರಳಿಗೂ ಮೀನಿಗೂ ಆರು ಅಂಗುಲ ಅಂತರವಿರುವಂತೆ ತಟ್ಟೆಯನ್ನಿಡಿ. ಮಗುಚುವ ಕೆಲಸವಿಲ್ಲ. ಎಂಟರಿಂದ ಹತ್ತು ನಿಮಿಷ ಸಾಕು. ಆರನೆಯ ನಿಮಿಷದಿಂದಲೇ ನೋಡುತ್ತಿರಬೇಕು. ಬಾಲದ ಕಡೆಯ ತೆಳು ತುಂಡು ಬೇಗ ಬೆಂದುಬಿಡುತ್ತದೆ. ಚಮಚದ ತುದಿಯಿಂದ ಒತ್ತಿದಾಗ ಪದರಪದರವಾಗಿ ಬಿಟ್ಟರೆ ಬೆಂದಿತೆಂದು ತಿಳಿಯಿರಿ. ಬಾಣಂತಿಗೆ ಅಂದಾಜಿನ ಮೇಲೆ ಕೊಡಬಾರದೆಂದು ಮಗಳು ಉಷ್ಣಮಾಪಕವನ್ನೇ ಚುಚ್ಚಿಸಿದಳು. ಮೀನಿನ ನಡುವೆ 63 ಡಿಗ್ರಿ ಸೆಲ್ಸಿಯಸ್ ಇರಬೇಕೆಂಬುದು ಅಲ್ಲಿಯ ಸರಕಾರದ ನಿಯಮ. ಮೇಲೆ ಬಿಳಿಯ ಮೊಸರಿನಂಥದು ತುಂಬ ಒಸರಿದರೆ ಬೆಂದದ್ದು ಹೆಚ್ಚಾಯಿತೆಂದು ಅರ್ಥ. ಕೆಟ್ಟದ್ದೇನಲ್ಲ, ಮೀನಿನದೇ ಸತ್ವ ಅದು; ಆದರೆ ಮೀನು ಒಣಗಿರುತ್ತದೆ. ಹೊರತೆಗೆದು ಮೂರು ನಿಮಿಷ ಬಿಟ್ಟು ನಿಂಬೆರಸ ಹಿಂಡಿ ಬಡಿಸಿ.

ಆ ಹತ್ತು ನಿಮಿಷ ಒಲೆಯ ಮುಂದಿನಿಂದ ಕದಲಬಾರದು. ಫೋನು ಬಂದರೂ ತೆಗೆದುಕೊಳ್ಳಬಾರದು. ನಾವಿಬ್ಬರೂ ಗಾಜಿನ ಬಾಗಿಲ ಮುಂದೆ ಬಗ್ಗಿ ನಿಂತದ್ದನ್ನು ಕಂಡು ಮಗಳಿಗೆ ನಗು ಬಂತು. ಹೆರಿಗೆಯಾದ ಮೇಲೆ ಅವಳು ಹಾಗೆ ನಕ್ಕದ್ದನ್ನು ನಾವು ಕಂಡದ್ದು ಅದೇ ಮೊದಲು. ಅಂದು ಕುಚ್ಚಲಕ್ಕಿ ಅನ್ನ, ಬೆಳ್ಳುಳ್ಳಿ ಸಾರಿನೊಂದಿಗೆ ಎರಡು ತುಂಡು ತಿಂದು, “ಊರಿನ ಮೀನಿನ ರುಚಿ ಅಲ್ಲಮ್ಮ. ಆದರೂ ನಾಳೆಗೊಂದು ತುಂಡು ತೆಗೆದಿಡು” ಎಂದಳು.

ಮುಂಬಯಿಗೆ ಮರಳಿದ ಮೇಲೆ ನಮ್ಮ ಸಣ್ಣ ಓವನ್ನಿನಲ್ಲಿ ಮೇಲಿನ ಸರಳನ್ನಷ್ಟೇ ಹಚ್ಚಿ ರಾವಸ್ ಇಟ್ಟು ನೋಡಿದೆವು. ಕಾವು ಕಡಿಮೆಯಾದ್ದರಿಂದ ಐದಾರು ನಿಮಿಷ ಹೆಚ್ಚು ಬೇಕಾಯಿತು, ಎಣ್ಣೆಯೂ ತುಸು ಹೆಚ್ಚು. ಚೆನ್ನಾಗಿಯೇ ಆಯಿತು.

ಬಾಣಂತನಕ್ಕೆ ಹೊರಟ ಬಂಧುಗಳಿಗೆ ನಮ್ಮದೊಂದು ಮಾತು. ಉಪ್ಪಿನಕಾಯಿ, ಲೇಹ್ಯಗಳನ್ನು ಅವಶ್ಯ ಒಯ್ಯಿರಿ. ಆದರೆ ಅಲ್ಲಿಯ ಒಲೆ ಮಗಳದು. ಹೋದ ದಿನವೇ ಅವಳ ಪಕ್ಕದಲ್ಲಿ ನಿಂತು ಕೇಳಿ ಕಲಿಯಿರಿ. ನಾವು ಒಂದು ವಾರ ತಡಮಾಡಿದೆವು.