ಶಾಲೆಯ ಐಪ್ಯಾಡ್ ಬೀಗವನ್ನು ಮಕ್ಕಳು ತೆಗೆದದ್ದು ಹೇಗೆ?

ಪ್ರಶ್ನೆ: ಅಮೆರಿಕದಲ್ಲಿ ಶಾಲೆ ಕೊಟ್ಟ ಐಪ್ಯಾಡ್‌ಗಳ ನಿರ್ಬಂಧವನ್ನು ವಿದ್ಯಾರ್ಥಿಗಳು ಬಹುಬೇಗ ಮುರಿದರಂತೆ. ಅಷ್ಟು ಸುಲಭವೇ?

ಉತ್ತರ: ಸುಲಭವೇ ಆಗಿತ್ತು. 2013ರಲ್ಲಿ ಲಾಸ್ ಏಂಜಲೀಸ್‌ನ ಸರ್ಕಾರಿ ಶಾಲೆಗಳಲ್ಲಿ ಪ್ರತಿ ವಿದ್ಯಾರ್ಥಿಗೂ ಐಪ್ಯಾಡ್ ಕೊಡುವ, ಸುಮಾರು 100 ಕೋಟಿ ಡಾಲರ್‌ಗಳ ಯೋಜನೆ ಶುರುವಾಯಿತು. ಆ ಸೆಪ್ಟೆಂಬರ್‌ನಲ್ಲೇ ರೂಸ್‌ವೆಲ್ಟ್ ಹೈಸ್ಕೂಲಿನ ಸುಮಾರು 300 ಮಕ್ಕಳು ಫಿಲ್ಟರ್ ದಾಟಿಬಿಟ್ಟರು. ಯಾರ ಪಾಸ್‌ವರ್ಡನ್ನೂ ಕದಿಯಲಿಲ್ಲ, ಪ್ರೋಗ್ರಾಂ ಬರೆಯಲಿಲ್ಲ. ಸೆಟ್ಟಿಂಗ್ಸ್‌ಗೆ ಹೋಗಿ ಅಲ್ಲಿದ್ದ ಪ್ರೊಫೈಲನ್ನು ಅಳಿಸಿದರು, ಅಷ್ಟೆ. ಯಾವ ಜಾಲತಾಣ ತೆರೆಯಬಹುದು, ಯಾವುದು ಕೂಡದು ಎಂಬ ನಿಯಮಗಳು ಅದಕ್ಕೇ ಅಂಟಿಕೊಂಡಿದ್ದವು. ಅದು ಹೋದೊಡನೆ ಅವೂ ಹೋದವು. ಕಿಟಕಿಗೆ ಸರಳು ಹಾಕಿ, ತಿರುಪನ್ನು ಒಳಗಿದ್ದವರ ಕೈಗೇ ಎಟಕುವಂತೆ ಬಿಟ್ಟ ಹಾಗೆ.

ಆಮೇಲೆ ಅವರು ನೋಡಿದ್ದು ಫೇಸ್‌ಬುಕ್, ಯೂಟ್ಯೂಬ್, ಕೇಳಿದ್ದು ಹಾಡು. ಆಡಳಿತ ಮಾತ್ರ ಗಾಬರಿಗೊಂಡು ಐಪ್ಯಾಡ್ ಮನೆಗೆ ಒಯ್ಯುವುದನ್ನೇ ನಿಲ್ಲಿಸಿತು. ನನಗೆ ನೋವಾಗುವುದು ಇಲ್ಲಿ. ಆ ಶಾಲೆ ಇರುವ ಬಾಯ್ಲ್ ಹೈಟ್ಸ್ ದುಡಿದು ಉಣ್ಣುವವರ ಬಡಾವಣೆ. ಮನೆಯಲ್ಲಿ ಕಂಪ್ಯೂಟರ್ ಇಲ್ಲದ ಮಗುವಿಗೆ ಸಂಜೆಯ ಓದಿಗೆ ಆ ಐಪ್ಯಾಡೇ ಆಸರೆಯಾಗಬಹುದಿತ್ತು.

ಬಳಕೆದಾರರು ಪ್ರೊಫೈಲ್ ಅಳಿಸಲಾಗದಂತೆ ಬಿಗಿಮಾಡುವ ವ್ಯವಸ್ಥೆ ಈಗ ಇದೆ. ಹಾಗಾಗಿ ಮಕ್ಕಳ ಕಣ್ಣು ಫಿಲ್ಟರನ್ನು ಬಳಸುದಾರಿಯಲ್ಲಿ ದಾಟಿಸುವ ವಿಪಿಎನ್, ಪ್ರಾಕ್ಸಿ ತಾಣಗಳತ್ತ ಹೊರಳಿದೆ.