ಯೋಗಕ್ಷೇಮ ವಿಚಾರಿಸುವ ನಾಯಿ

ಹಿತ್ತಿಲಲ್ಲೊಂದು ಹಳೆಯ ತಟ್ಟೆ, ಉಳಿದ ಅನ್ನ, ರಾತ್ರಿಯ ಕಾವಲು: ನಾಯಿಗೂ ನಮಗೂ ಇದ್ದ ಸಂಬಂಧ ಇಷ್ಟೇ. ಅದು ಹೊಸ್ತಿಲು ದಾಟಿದರೆ ಅಜ್ಜಿಯ ಕೂಗು ಬೀದಿಗೆಲ್ಲ ಕೇಳಿಸುತ್ತಿತ್ತು. ಅಂಥ ಮನೆಗಳಲ್ಲಿ ಬೆಳೆದು ಪುಣೆಯಲ್ಲಿ ನೆಲೆಸಿದ ನಾವು, ರೋಗಿಗಳ ಮಂಚದವರೆಗೆ ನಾಯಿಯನ್ನು ಕರೆದೊಯ್ಯುವ ವಿಚಾರ ಬರೆಯುತ್ತಿದ್ದೇವೆಂದು ವಾಚಕರು ನಗಬಾರದು. ಮೊದಲು ನಕ್ಕವರು ನಾವೇ.

ಬಲ್ಲವರೂ ನಕ್ಕಿದ್ದುಂಟು. ಅಮೆರಿಕದಲ್ಲಿ ಬೋರಿಸ್ ಲೆವಿನ್ಸನ್ ಎಂಬ ಮಕ್ಕಳ ಮನಶ್ಶಾಸ್ತ್ರಜ್ಞರಿದ್ದರು. ಯಾರೊಡನೆಯೂ ಬೆರೆಯದ ಒಬ್ಬ ಹುಡುಗ ಅವರಲ್ಲಿಗೆ ಹೇಳಿದ ಹೊತ್ತಿಗಿಂತ ಮುಂಚೆಯೇ ಬಂದವನು, ಅಲ್ಲಿದ್ದ ಜಿಂಗಲ್ಸ್ ಎಂಬ ನಾಯಿಯೊಡನೆ ಆಡತೊಡಗಿದನಂತೆ. ಆ ಎಳೆ ಹಿಡಿದು 1962ರಲ್ಲಿ ಅವರು ನಾಯಿಯನ್ನು ಸಹಚಿಕಿತ್ಸಕನೆಂದು ಕರೆದು ಲೇಖನ ಬರೆದರು. ಪಾದ್ರಿಯೊಬ್ಬರು ತಮ್ಮ ನಾಯಿಯೊಡನೆ ರೋಗಿಗಳನ್ನು ಕಾಣಲು ಬರುತ್ತಿದ್ದುದನ್ನು ಇಂಗ್ಲೆಂಡಿನಲ್ಲಿ ನೋಡಿದ ಇಲೇನ್ ಸ್ಮಿತ್ ಎಂಬ ದಾದಿ, 1976ರಲ್ಲಿ ಅಮೆರಿಕದ ನ್ಯೂಜೆರ್ಸಿಯಲ್ಲಿ ಇದಕ್ಕೆಂದೇ ಒಂದು ಸಂಸ್ಥೆ ಕಟ್ಟಿದರು. ಈಗ ನಮ್ಮ ದೊಡ್ಡ ಊರುಗಳಲ್ಲೂ ಈ ಕೆಲಸ ನಡೆದಿದೆ.

ಕುರುಡರಿಗೆ ದಾರಿ ತೋರುವ ನಾಯಿ ಬೇರೆ, ಇದು ಬೇರೆ. ಅದು ಒಬ್ಬ ಯಜಮಾನನಿಗೆ ಕಟ್ಟುಬಿದ್ದದ್ದು. ಇದು ತನ್ನ ಮನೆಯಲ್ಲೇ ಇದ್ದು, ಕರೆದಲ್ಲಿಗೆ ಹೋಗಿ ಬರುವ ನೆಂಟ.

ಕಲಿಸುವ ವಿದ್ಯೆಯೂ ಸರ್ಕಸ್ಸಿನದಲ್ಲ. ಮೈಮೇಲೆ ನೆಗೆಯಬಾರದು, ಬೊಗಳಬಾರದು, ಹಗ್ಗ ಜಗ್ಗಬಾರದು. ಗಾಲಿಕುರ್ಚಿ ಪಕ್ಕದಲ್ಲೇ ಹಾದರೂ, ಊರುಗೋಲು ದಢಾರನೆ ಬಿದ್ದರೂ ಬೆಚ್ಚಿ ಓಡಬಾರದು. ನಮ್ಮ ರಾಜ ಬೀದಿಯಿಂದ ಬಂದ ನಾಯಿ. ಅವನಿಗಾಗಿ ನಾವು ದಿನವೂ ಮನೆಯಲ್ಲಿ ಕೋಲು ಬೀಳಿಸಿದೆವು. ಮೊದಲು ದೂರದಲ್ಲಿ, ಮೆಲ್ಲನೆ. ಬಿದ್ದೊಡನೆ ಒಂದು ತಿನಿಸು. ದಿನಕಳೆದಂತೆ ಇನ್ನಷ್ಟು ಹತ್ತಿರ. ಕೆಳಗಿನ ಮನೆಯವರು ಮೇಲೆ ಬಂದು ವಿಚಾರಿಸಿಕೊಂಡು ಹೋದರು. ಹೊಡೆತ ಬಡಿತ ಮಾತ್ರ ಕೂಡದು; ಹೆದರಿ ಸುಮ್ಮನಿರುವ ನಾಯಿಯನ್ನು ನಂಬಿ ರೋಗಿಯ ಬಳಿ ಬಿಡುವಂತಿಲ್ಲ. ಎಲ್ಲಕ್ಕಿಂತ ಮುಖ್ಯವಾದ ಪಾಠ "ಬಿಡು" ಎಂಬುದು. ನೆಲಕ್ಕೆ ಬಿದ್ದ ಮಾತ್ರೆಯನ್ನು ನಾಯಿ ನುಂಗಿದರೆ ಗತಿಯೇನು? ಇನ್ನು ರೇಬೀಸ್ ಚುಚ್ಚುಮದ್ದು, ಸ್ನಾನ, ಕತ್ತರಿಸಿದ ಉಗುರು, ಮುಟ್ಟಿದವರೆಲ್ಲ ಕೈ ತೊಳೆಯುವುದು, ಇವು ತಪ್ಪುವಂತಿಲ್ಲ.

ಕೊನೆಗೆ ಭಾನುವಾರಗಳಂದು ಒಂದು ವೃದ್ಧಾಶ್ರಮಕ್ಕೆ ಹೋಗತೊಡಗಿದೆವು. ಅಲ್ಲಿ ಸುತ್ತಲೂ ಮರಾಠಿ. ಮೂಲೆಯ ಮಂಚದ ಅಜ್ಜಿಯೊಬ್ಬರು ಯಾರೊಡನೆಯೂ ಮಾತಾಡುವವರಲ್ಲ. ನಮ್ಮ ರಾಜನಿಗೋ ಬರುವುದು ಕನ್ನಡ ಒಂದೇ. ಬಿದ್ದ ಬಿಸ್ಕತ್ತಿನತ್ತ ಅವನು ಮೂತಿ ಚಾಚಿದಾಗ "ಬಿಡು, ಕೂತ್ಕೋ" ಎಂದೆವು. ಅಜ್ಜಿ ಥಟ್ಟನೆ ತಿರುಗಿ, "ಯಾವೂರ್ರೀ ನಿಮ್ದು?" ಎಂದರು. ಅವರದು ಧಾರವಾಡ. ಅಂದಿನಿಂದ ರಾಜನ ತಲೆಯ ಮೇಲೆ ಕೈಯಿಟ್ಟು, ತವರಿನ ಮಾತನ್ನೆಲ್ಲ ಅವನಿಗೇ ಹೇಳುವರು.

ಇಲ್ಲೇ ನಾವು ಎಡವಿದ್ದು. ಮುಕ್ಕಾಲು ಗಂಟೆಯಲ್ಲಿ ಮುಗಿಸಬೇಕಾದ ಭೇಟಿಯನ್ನು ಹೊಗಳಿಕೆಗೆ ಮರುಳಾಗಿ ಎರಡು ಗಂಟೆಗೆ ಎಳೆದೆವು. ರಾಜ ಬಾಗಿಲಲ್ಲೇ ಆಕಳಿಸತೊಡಗಿದ, ತುಟಿ ನೆಕ್ಕಿಕೊಂಡ, ಕೈ ಬಂದತ್ತ ಮುಖ ತಿರುಗಿಸಿದ. ನಿದ್ದೆ ಸಾಲದೆಂದುಕೊಂಡು ಹಗ್ಗ ಹಿಡಿದು ಒಳಗೆ ನಡೆಸಿದೆವು. ನಾಲ್ಕು ವಾರದ ಮೇಲೆ, ನಮಗೆ ಕಲಿಸಿದಾಕೆ ಒಮ್ಮೆ ಜೊತೆಗೆ ಬಂದು ನೋಡಿ, "ಅವನು ಬೇಡವೆಂದು ಹೇಳುತ್ತಲೇ ಇದ್ದಾನೆ, ನಿಮಗೆ ಕೇಳಿಸುತ್ತಿಲ್ಲ" ಎಂದರು. ನಾಯಿಗೆ ಒಂದು ವರ್ಷ ಪಾಠ ಹೇಳಿದ ನಮಗೆ ಅದರ ನಾಲ್ಕು ಮಾತು ಬಂದಿರಲಿಲ್ಲ. ಮರುದಿನದ ಸಂಘದ ಸಭೆಯಲ್ಲಿ ಅವನ ಗುಣಗಾನ ಮಾಡುವುದೆಂದು ಒಪ್ಪಿಕೊಂಡಿದ್ದೆವು ಬೇರೆ!

ಅಜ್ಜಿಗೆ ಹೇಳುವುದು ಹೇಗೆಂಬುದೇ ದೊಡ್ಡ ಚಿಂತೆಯಾಯಿತು. ಎಳೆದುಕೊಂಡು ಹೋಗೋಣವೆಂದು ಒಂದು ಮನಸ್ಸು, ಹೋಗುವುದನ್ನೇ ಬಿಟ್ಟುಬಿಡೋಣವೆಂದು ಇನ್ನೊಂದು. ಮುಂದಿನ ಭಾನುವಾರ ಬರಿಗೈಯಲ್ಲಿ ಹೋದೆವು. ಅವರು ನಮ್ಮ ಕಾಲ ಬಳಿ ನೋಡಿದರು, ಬಾಗಿಲತ್ತ ನೋಡಿದರು.

"ದಣಿದಿದ್ದಾನೆ. ಮನೆಯಲ್ಲಿ ಮಲಗಿದ್ದಾನೆ" ಎಂದೆವು.

ಸ್ವಲ್ಪ ಹೊತ್ತು ಮಾತಿಲ್ಲ. ಆಮೇಲೆ ಮಂಚದ ಅಂಚಿನಲ್ಲಿದ್ದ ಹೊದಿಕೆಯನ್ನು ಸರಿಸಿ ಜಾಗ ಮಾಡಿದರು.

"ಮಲಕೊಳ್ಳಲಿ ಬಿಡ್ರಿ. ನೀವರ ಬಂದೀರಲ್ಲ, ಕೂಡ್ರಿ."