ಮಹಾಂತ ಜೋಳಿಗೆ ಮತ್ತು ನಮ್ಮ ಮಕ್ಕಳು

ಜಂಗಮರ ಹೆಗಲ ಮೇಲಿನ ಜೋಳಿಗೆ ನಮ್ಮ ನಾಡಿಗೆ ಹೊಸದಲ್ಲ. ಭಕ್ತರ ಮನೆಯಂಗಳದಲ್ಲಿ ನಿಂತು ಪಡೆದ ಜೋಳ, ಕಾಳು, ಹಿಟ್ಟುಗಳಿಂದಲೇ ಎಷ್ಟೋ ಮಠಗಳ ದಾಸೋಹ ನಡೆದುಬಂದಿದೆ. ಚಿತ್ತರಗಿ-ಇಳಕಲ್ಲ ಶ್ರೀ ವಿಜಯ ಮಹಾಂತೇಶ ಸಂಸ್ಥಾನಮಠದ ಲಿಂಗೈಕ್ಯ ಡಾ. ಮಹಾಂತ ಶಿವಯೋಗಿಗಳು 1975ರಲ್ಲಿ ಈ ಜೋಳಿಗೆಗೆ ಬೇರೊಂದು ಅರ್ಥವನ್ನು ಕೊಟ್ಟರು. ಅವರು ಮನೆಮನೆಗೆ ಹೋಗಿ ಕಾಳುಕಡಿಯ ಬದಲು ಜನರ ದುಶ್ಚಟಗಳನ್ನು ಭಿಕ್ಷೆಯಾಗಿ ಬೇಡಿದರು. ಬೀಡಿ, ಗುಟ್ಕಾ, ಮದ್ಯದ ಸೀಸೆಗಳು ಆ ಜೋಳಿಗೆಗೆ ಬಿದ್ದವು. ಅವರ ಜನ್ಮದಿನವಾದ ಆಗಸ್ಟ್ 1 ಇಂದು ನಮ್ಮ ರಾಜ್ಯದಲ್ಲಿ ವ್ಯಸನಮುಕ್ತ ದಿನವಾಗಿ ಆಚರಣೆಯಲ್ಲಿದೆ.

ಆ ಜೋಳಿಗೆಯ ಶಕ್ತಿ ಎಲ್ಲಿತ್ತು ಎಂಬುದನ್ನು ನಾವು ಅರಿಯಬೇಕು. ಪೂಜ್ಯರು ಕುಡುಕನನ್ನು ಮಠದ ಬಾಗಿಲಿಗೆ ಕರೆಸಿ ನಿಂದಿಸಲಿಲ್ಲ. ತಾವೇ ಅವನ ಬಾಗಿಲಿಗೆ ಹೋಗಿ ಕೈಯೊಡ್ಡಿದರು. ಬೇಡುವವರು ಗುರುಗಳು, ಕೊಡುವವನು ವ್ಯಸನಿ. ಸಮಾಜದ ಕಣ್ಣಿನಲ್ಲಿ ಕುಗ್ಗಿದ್ದ ವ್ಯಕ್ತಿಗೆ ಆ ಗಳಿಗೆಯಲ್ಲಿ ದಾನಿಯ ಘನತೆ ದೊರೆಯುತ್ತಿತ್ತು. ತಪ್ಪನ್ನು ಒಪ್ಪಿಕೊಳ್ಳಲು ನಾಚಿಕೆ ಅಡ್ಡ ಬರುತ್ತಿರಲಿಲ್ಲ. ಮಕ್ಕಳ ವಿಷಯದಲ್ಲಿ ನಮಗೆ ಇಂದು ಬೇಕಾಗಿರುವುದು ಇದೇ ಮಾರ್ಗ.

ಆದರೆ ಮಕ್ಕಳ ವಿಷಯದಲ್ಲಿ ಒಂದು ವ್ಯತ್ಯಾಸವುಂಟು. ಹಿರಿಯರ ಜೋಳಿಗೆ ಅಂಟಿದ ಚಟವನ್ನು ಬೇಡುತ್ತದೆ. ಮಕ್ಕಳ ವಿಷಯದಲ್ಲಿ ಚಟ ಅಂಟುವ ಮೊದಲೇ ಎಚ್ಚರ ಬೇಕು. ಸರಿ-ತಪ್ಪುಗಳನ್ನು ತೂಗಿ ನೋಡುವ, ಮನಸ್ಸಿನ ಹಠವನ್ನು ಹಿಡಿದು ನಿಲ್ಲಿಸುವ ಮೆದುಳಿನ ಮುಂಭಾಗ ಸುಮಾರು 25ನೆಯ ವಯಸ್ಸಿನವರೆಗೂ ಬೆಳೆಯುತ್ತಲೇ ಇರುತ್ತದೆ ಎಂದು ವೈದ್ಯಶಾಸ್ತ್ರ ಹೇಳುತ್ತದೆ. ಸುಖದ ಸೆಳೆತ ಬೇಗ ಬಲಿಯುತ್ತದೆ, ಸಂಯಮ ತಡವಾಗಿ ಬಲಿಯುತ್ತದೆ. ಈ ನಡುವಿನ ವರ್ಷಗಳಲ್ಲಿ ಅಮಲಿನ ರುಚಿ ಹತ್ತಿದವರಲ್ಲಿ ಅದು ವ್ಯಸನವಾಗಿ ಬೇರೂರುವ ಸಾಧ್ಯತೆ ಹೆಚ್ಚು.

ಮಕ್ಕಳ ಅಮಲೆಂದರೆ ಮದ್ಯ ಮಾತ್ರವೆಂದು ತಿಳಿಯಬಾರದು. ಕೇಂದ್ರ ಸರ್ಕಾರಕ್ಕಾಗಿ ದೆಹಲಿಯ ಏಮ್ಸ್ ಸಂಸ್ಥೆ ನಡೆಸಿದ, 2019ರಲ್ಲಿ ಪ್ರಕಟವಾದ ರಾಷ್ಟ್ರೀಯ ಸಮೀಕ್ಷೆಯು ಕಣ್ತೆರೆಸುವಂತಿದೆ. ಮೂಸುವ ಪದಾರ್ಥಗಳ ಬಳಕೆ ವಯಸ್ಕರಲ್ಲಿ ಶೇ. 0.58 ಇದ್ದರೆ, 10ರಿಂದ 17 ವರ್ಷದ ಮಕ್ಕಳಲ್ಲಿ ಶೇ. 1.17 ಇತ್ತು. ದೊಡ್ಡವರಿಗಿಂತ ಮಕ್ಕಳೇ ಹೆಚ್ಚಾಗಿ ಬಳಸುವ ಅಮಲು ಇದೊಂದೇ. ಅಕ್ಷರ ಅಳಿಸುವ ವೈಟ್ನರ್, ಪಂಕ್ಚರ್ ಅಂಟು, ಥಿನ್ನರ್ ಮೊದಲಾದವು ಅಗ್ಗವಾಗಿ, ಅನುಮಾನ ಬಾರದಂತೆ ಅಂಗಡಿಯಲ್ಲಿ ಸಿಗುತ್ತವೆ. ಇವನ್ನು ಮೂಸುವುದರಿಂದ ಹೃದಯದ ಬಡಿತ ಹಠಾತ್ತನೆ ನಿಂತು ಸಾವು ಸಂಭವಿಸಬಹುದು. ಅದಕ್ಕೆ ಮೊದಲ ಸಲವೂ ಹೊರತಲ್ಲ.

ಈ ಅಮಲು ಎಲ್ಲಿಂದ ಬರುತ್ತದೆ? ಹೊರಗಿನ ದುಷ್ಟ ಶಕ್ತಿಗಳನ್ನು ದೂರುವುದು ಸುಲಭ. ಆದರೆ ಮಗನ ಕೈಗೆ ಹಣ ಕೊಟ್ಟು ಬೀಡಿ ತರಲು ಕಳಿಸುವ ತಂದೆ ನಮ್ಮವನೇ. ಮದುವೆಯ ಮೆರವಣಿಗೆಯಲ್ಲಿ, ಊರ ಜಾತ್ರೆಯ ರಾತ್ರಿಯಲ್ಲಿ ಹುಡುಗರ ಕೈಗೆ ಗುಟುಕು ಕೊಟ್ಟು ನಗುವ ಚಿಕ್ಕಪ್ಪ, ಮಾವಂದಿರೂ ನಮ್ಮವರೇ. ಹಗಲು ತೇರಿಗೆ ಉತ್ತತ್ತಿ ಎಸೆದ ಕೈಯೇ ಇರುಳು ಸೀಸೆ ಹಿಡಿದರೆ ಮಗು ಯಾವುದನ್ನು ಕಲಿಯುತ್ತದೆ? ನುಡಿ ಮತ್ತು ನಡೆ ಒಂದಾಗಬೇಕೆಂಬ ಶರಣತತ್ತ್ವಕ್ಕೆ ಇದಕ್ಕಿಂತ ದೊಡ್ಡ ಪರೀಕ್ಷೆಯಿಲ್ಲ.

ಇದು ಸಂಪ್ರದಾಯವೆಂದು ತಳ್ಳಿಹಾಕುವವರು ಕಾನೂನನ್ನೂ ತಿಳಿದಿರಬೇಕು. 2015ರ ಬಾಲನ್ಯಾಯ ಕಾಯ್ದೆಯ 77ನೆಯ ಕಲಮಿನಂತೆ, ವೈದ್ಯರ ಸಲಹೆಯಿಲ್ಲದೆ ಮಗುವಿಗೆ ಮದ್ಯ, ಮಾದಕ ವಸ್ತು ಅಥವಾ ತಂಬಾಕು ಪದಾರ್ಥವನ್ನು ಕೊಡುವವರಿಗೆ 7 ವರ್ಷಗಳವರೆಗೆ ಕಠಿಣ ಸೆರೆವಾಸ ಮತ್ತು 1 ಲಕ್ಷ ರೂಪಾಯಿಯವರೆಗೆ ದಂಡ ವಿಧಿಸಬಹುದು. ಈ ಕಾನೂನಿನಲ್ಲಿ 18 ತುಂಬದ ಎಲ್ಲರೂ ಮಕ್ಕಳೇ. ಮದ್ಯ ಅಥವಾ ಮಾದಕ ವಸ್ತುಗಳ ಮಾರಾಟಕ್ಕೆ, ಸಾಗಾಟಕ್ಕೆ ಮಗುವನ್ನು ಬಳಸುವುದಕ್ಕೂ ಮುಂದಿನ ಕಲಮಿನಲ್ಲಿ ಇಷ್ಟೇ ಶಿಕ್ಷೆಯಿದೆ.

ಕಾನೂನು ಶಿಕ್ಷಿಸಬಲ್ಲದು, ಮಗುವನ್ನು ಕಾಯುವುದು ಸಮುದಾಯದ ಕೆಲಸ. ಪ್ರತಿ ಊರಿನ ಭಕ್ತವೃಂದವೂ ಕೈಗೊಳ್ಳಬಹುದಾದ ಕೆಲವು ಕಾರ್ಯಗಳಿವೆ. ಜಾತ್ರಾ ಸಮಿತಿಯು ಮೊದಲ ಸಭೆಯಲ್ಲಿಯೇ ಜಾತ್ರೆಯ ಆವರಣದಲ್ಲಿ ಮದ್ಯ, ಗುಟ್ಕಾಗಳಿಗೆ ಅವಕಾಶವಿಲ್ಲವೆಂದು ನಿರ್ಣಯಿಸಲಿ. ಶಾಲೆಯ ಸುತ್ತಲಿನ ಅಂಗಡಿಕಾರರನ್ನು ಹಿರಿಯರು ಖುದ್ದಾಗಿ ಕಂಡು, ಮಕ್ಕಳಿಗೆ ಇಂಥ ವಸ್ತುಗಳನ್ನು ಮಾರದಿರುವಂತೆ ವಿನಂತಿಸಲಿ. ಕೇಳದಿದ್ದರೆ ಗ್ರಾಮ ಪಂಚಾಯಿತಿ ಹಾಗೂ ಪೊಲೀಸರ ಗಮನಕ್ಕೆ ತರಲಿ. ಇಷ್ಟಲಿಂಗ ದೀಕ್ಷೆಯ ಸಂದರ್ಭದಲ್ಲಿ ತಂದೆತಾಯಿಗಳೂ ಮಗುವಿನ ಜೊತೆಗೆ ವ್ಯಸನಮುಕ್ತ ಸಂಕಲ್ಪ ಮಾಡಲಿ. ಸಂಜೆಯ ಹೊತ್ತು ಹುಡುಗರಿಗೆ ಆಟ, ಭಜನೆ, ವಚನಗಾಯನ, ಗ್ರಂಥಾಲಯಗಳ ಆಸರೆ ಇರಲಿ. ಬರಿದಾದ ಸಂಜೆಯಲ್ಲಿ ಬೇಸರಕ್ಕೆ ಸಂಗಾತಿಯಾಗಿ ಚಟ ಬರುತ್ತದೆ.

ಇಷ್ಟಾದರೂ ಮಗುವೊಂದು ಎಡವಿದರೆ ಏನು ಮಾಡಬೇಕು? ನಿದ್ರೆಯ ಏರುಪೇರು, ಹಳೆಯ ಗೆಳೆಯರನ್ನು ಬಿಟ್ಟು ಹೊಸಬರ ಸಂಗ, ಮನೆಯ ಹಣ ಕಾಣೆಯಾಗುವುದು, ಶಾಲೆಗೆ ಗೈರುಹಾಜರಿ, ಬಟ್ಟೆಯಲ್ಲಿ ರಾಸಾಯನಿಕದ ವಾಸನೆ ಇವೆಲ್ಲ ಕೂತು ವಿಚಾರಿಸಲು ಕಾರಣಗಳೇ ಹೊರತು ಅಪರಾಧದ ಸಾಕ್ಷ್ಯಗಳಲ್ಲ. ಆ ಹೊತ್ತಿನಲ್ಲಿ ಬಡಿಯುವುದು, ಮನೆತನದ ಮರ್ಯಾದೆಗಾಗಿ ಮುಚ್ಚಿಡುವುದು ಎರಡೂ ಮಗುವನ್ನು ಇನ್ನಷ್ಟು ಕತ್ತಲೆಗೆ ತಳ್ಳುತ್ತವೆ. ಮರ್ಯಾದೆ ಉಳಿಸುವ ಮೌನದಲ್ಲಿ ಮಗುವೇ ಕೈತಪ್ಪಿದರೆ ಆ ಮರ್ಯಾದೆ ಯಾರಿಗಾಗಿ?

ನೆರವಿಗೆ ದಾರಿಗಳಿವೆ. ವ್ಯಸನಮುಕ್ತಿಯ ರಾಷ್ಟ್ರೀಯ ಸಹಾಯವಾಣಿ 14446, ಮಕ್ಕಳ ಸಹಾಯವಾಣಿ 1098, ಮಾನಸಿಕ ಆರೋಗ್ಯದ ಟೆಲಿ-ಮನಸ್ 14416 ಇವುಗಳಿಗೆ ಉಚಿತವಾಗಿ ಕರೆ ಮಾಡಬಹುದು. ಬೆಂಗಳೂರಿನ ನಿಮ್ಹಾನ್ಸ್ ಮತ್ತು ಧಾರವಾಡದ ಡಿಮ್ಹಾನ್ಸ್‌ಗಳಲ್ಲಿ ಚಿಕಿತ್ಸೆ ದೊರೆಯುತ್ತದೆ. ಪೊಲೀಸರ ಭಯದಿಂದ ಹಿಂಜರಿಯುವವರು ಒಂದು ಮಾತನ್ನು ತಿಳಿಯಬೇಕು: 1985ರ ಮಾದಕ ವಸ್ತು ಕಾಯ್ದೆಯ 64ಎ ಕಲಮು, ಸೇವನೆ ಅಥವಾ ಅಲ್ಪ ಪ್ರಮಾಣದ ಪ್ರಕರಣಗಳಲ್ಲಿ ಸ್ವಯಂಪ್ರೇರಣೆಯಿಂದ ಚಿಕಿತ್ಸೆಗೆ ಬರುವ ವ್ಯಸನಿಗೆ ಮೊಕದ್ದಮೆಯಿಂದ ವಿನಾಯಿತಿ ನೀಡುತ್ತದೆ.

ಸಂಕಲ್ಪ ಮಾಡುವ ಹಿರಿಯರಿಗೂ ಒಂದು ಎಚ್ಚರಿಕೆ. ಬಹುಕಾಲದಿಂದ ನಿತ್ಯವೂ ವಿಪರೀತ ಕುಡಿಯುತ್ತಿದ್ದವರು ಒಮ್ಮೆಲೇ ನಿಲ್ಲಿಸಿದರೆ ನಡುಕ, ಮೂರ್ಛೆ, ಭ್ರಾಂತಿ ಉಂಟಾಗಬಹುದು, ಪ್ರಾಣಾಪಾಯವೂ ಇದೆ. ಜೋಳಿಗೆಗೆ ಚಟವನ್ನು ಹಾಕಿದ ದಿನವೇ ವೈದ್ಯರನ್ನು ಕಾಣಬೇಕು. ಗುರುವಿನ ಮುಂದೆ ಮಾಡಿದ ಸಂಕಲ್ಪಕ್ಕೆ ಔಷಧಿ ವಿರೋಧಿಯಲ್ಲ, ಆಸರೆ.

ಹೆಂಡದ ಮಾರಯ್ಯನಂತಹವರನ್ನೂ ತನ್ನವರೆಂದು ಅಪ್ಪಿಕೊಂಡ ಪರಂಪರೆ ನಮ್ಮದು. ಎಡವಿದ ಮಗುವನ್ನು ಹೊರಗಿಡುವ ಅಧಿಕಾರ ನಮಗಿಲ್ಲ. ಬರುವ ಆಗಸ್ಟ್ 1ರಂದು ಪ್ರತಿ ಮನೆಯ ತಂದೆ ತನ್ನ ಚಟವನ್ನು ಮಕ್ಕಳೆದುರೇ ಜೋಳಿಗೆಗೆ ಹಾಕಲಿ. ತಂದೆ ಬಿಟ್ಟದ್ದನ್ನು ಕಂಡ ಮಗುವಿಗೆ, ಅದನ್ನು ಮುಟ್ಟಬೇಡವೆಂದು ಬೇರೆ ಉಪದೇಶ ಹೆಚ್ಚೇನೂ ಬೇಕಾಗಲಾರದು.